ಮುಖ ಕೆಳಗೆ

ನಮ್ಮ ಹಳೆಯ ಫ್ಯಾಕ್ಸ್ ಯಂತ್ರ ಕೈಕೊಟ್ಟ ವಾರದಲ್ಲೇ ವಾಲ್‌ಬುರ್ಗಾಳ ಅರ್ಜಿ ಕಳಿಸುವ ಕೆಲಸ ಬಂತು. ಒಂದು ವಾರ ಮೊದಲು ಬಂದಿದ್ದರೆ ಎಲ್ಲವೂ ಎರಡು ನಿಮಿಷದಲ್ಲಿ ಮುಗಿದು, ನಾನು ಇವತ್ತು ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ.

ನಮ್ಮೂರು ಹಾಸೆಲ್‌ಬ್ರುನ್‌ನಲ್ಲಿ ಯಾರ ಮನೆಯ ಹೀಟರು ಕೆಟ್ಟರೂ, ಯಾರ ನಲ್ಲಿ ಸೋರಿದರೂ ಜನ ಬರುವುದು ಒಟ್ಮಾರನ ಅಂಗಡಿಗೆ. ಅವನು ಯಜಮಾನ. ನಾನು, ರೋಸ್ವಿತಾ, ಅವನ ಆಫೀಸು ನೋಡಿಕೊಳ್ಳುವವಳು. ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತವರಾದ್ದರಿಂದ ನಮ್ಮ ನಡುವೆ ಬಹುವಚನ ಬಂದದ್ದೇ ಇಲ್ಲ.

ಒಟ್ಮಾರ್ ಏನನ್ನೂ ಎಸೆಯುವವನಲ್ಲ. ಬಗ್ಗಿದ ಮೊಳೆಯನ್ನು ತಟ್ಟಿ ನೆಟ್ಟಗೆ ಮಾಡಿ ಡಬ್ಬಿಗೆ ಹಾಕುತ್ತಾನೆ. ಹಳೆಯ ಫ್ಯಾಕ್ಸ್ ಯಂತ್ರದ ಮುಚ್ಚಳ ನಿಲ್ಲದಾದಾಗ ರಬ್ಬರ್ ಬ್ಯಾಂಡು ಕಟ್ಟಿ ಎಷ್ಟೋ ವರ್ಷ ಓಡಿಸಿದ. ಕೊನೆಗೆ ಅದು ಒಳಗಿನಿಂದ ಸುಟ್ಟ ವಾಸನೆ ಬಿಟ್ಟು ಸುಮ್ಮನಾದಾಗ, ಮನಸ್ಸಿಲ್ಲದ ಮನಸ್ಸಿನಿಂದ ಹೊಸದನ್ನು ತಂದ. ದೊಡ್ಡ ಪ್ರಿಂಟರು. ಅದರಲ್ಲೇ ಕಾಪಿ, ಅದರಲ್ಲೇ ಸ್ಕ್ಯಾನು, ಅದರಲ್ಲೇ ಫ್ಯಾಕ್ಸು. ಜೋಡಿಸಿ ಕೊಡುತ್ತೇನೆಂದು ಅದನ್ನು ಮಾರಿದ ಅಂಗಡಿಯವನು ಹೇಳಿದರೂ ಕೇಳಲಿಲ್ಲ. "ಮೂರಂತಸ್ತಿನ ಮನೆಗೆ ಪೈಪು ಎಳೆಯೋನು ಒಂದು ಡಬ್ಬಿಗೆ ಎರಡು ವೈರು ಹಾಕೋಕಾಗಲ್ವಾ?" ಎಂದ.

ಹಳೆಯ ಯಂತ್ರದ ಮೇಲೆ ಅವನ ಅಮ್ಮ ಅಂಟಿಸಿದ್ದ ಒಂದು ಪಟ್ಟಿಯಿತ್ತು. ನನಗಿಂತ ಮೊದಲು ಆಫೀಸು ನೋಡಿಕೊಂಡವರು ಅವರು. ಕೆಲಸದ ಹುಡುಗರು ದಿನವೂ ಕಾಗದವನ್ನು ತಿರುಗಾಮುರುಗಾ ಇಡುತ್ತಿದ್ದರೆಂದು, "ಅಕ್ಷರದ ಮುಖ ಕೆಳಗೆ" ಎಂದು ಟೈಪು ಮಾಡಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ್ದರು. ಯಂತ್ರವನ್ನು ಗುಜರಿಗೆ ಕೊಡುವ ಮೊದಲು ಒಟ್ಮಾರ್ ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು, ಆ ಪಟ್ಟಿಗೆ ಬಿಸಿಗಾಳಿ ಹಿಡಿದು, ಮಗುವಿನ ಗಾಯದ ಬ್ಯಾಂಡೇಜು ಬಿಡಿಸುವಷ್ಟು ಮೆತ್ತಗೆ ಬಿಡಿಸಿದ. ಹೊಸ ಯಂತ್ರದಲ್ಲಿ ಕಾಗದ ಇಡುವ ಮೇಲಿನ ತಟ್ಟೆಯ ಮೇಲೆ ಅದನ್ನು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ. ಅಮ್ಮನನ್ನು ನೆನೆಯುವ ಮಗ ಎಂದು ನನಗೂ ಸಂತೋಷವೇ ಆಯಿತು.

ಇನ್ನು ವಾಲ್‌ಬುರ್ಗಾ. ನಮ್ಮ ಅಂಗಳದ ಆಚೆ ಬದಿಯ ಮನೆಯವಳು, ಶಿಶುವಿಹಾರದ ಅಡುಗೆಮನೆಯಿಂದ ನಿವೃತ್ತಳಾದವಳು. ಅವಳ ಕೈಯ ಶುಪ್ಫ್‌ನೂಡೆಲ್ ತಿನ್ನದ ಮಗು ನಮ್ಮೂರಲ್ಲಿ ಬೆಳೆದೇ ಇಲ್ಲ. ಬೇಯಿಸಿದ ಆಲೂಗಡ್ಡೆಯ ಹಿಟ್ಟನ್ನು ಅಂಗೈಯಲ್ಲಿ ಹೊಸೆದು ಬೆರಳಿನಷ್ಟು ಮಾಡಿ, ಹುಳಿ ಎಲೆಕೋಸಿನ ಜೊತೆ ಬೆಣ್ಣೆಯಲ್ಲಿ ಹುರಿದು ಕೊಟ್ಟಳೆಂದರೆ ಕಾಯಿಲೆಯವನೂ ಎದ್ದು ಕೂರುತ್ತಾನೆ. ಕ್ರಿಸ್ಮಸ್ ಸಂತೆಯಲ್ಲಿ ವರ್ಷವರ್ಷವೂ ಬೇರೆಯವರ ಅಂಗಡಿಯ ಹಿಂದೆ ನಿಂತು ಹೊಸೆದು ಹೊಸೆದು ಕೊಟ್ಟವಳು ಅವಳು. ಈ ಸಲ ತನ್ನದೇ ಅಂಗಡಿ ಬೇಕೆಂದಳು. ಅದೂ ಎಲ್ಲೋ ಅಲ್ಲ, ಚರ್ಚಿನ ಪಕ್ಕದ ಮೂಲೆಯ ಮರದ ಗೂಡು. ಅಲ್ಲಿ ಗಾಳಿ ಹೊಡೆಯುವುದಿಲ್ಲ, ಪ್ರಾರ್ಥನೆ ಮುಗಿಸಿ ಬಂದವರು ಹಸಿದು ನೇರ ಅದರ ಮುಂದೆಯೇ ಇಳಿಯುತ್ತಾರೆ. ಹುರಿದ ಬಾದಾಮಿ ಮಾರುತ್ತಿದ್ದ ಮುದುಕ ಸಾಕೆಂದು ಬಿಟ್ಟದ್ದರಿಂದ ಆ ಗೂಡು ಬಹಳ ಕಾಲದ ಮೇಲೆ ಖಾಲಿಯಾಗಿತ್ತು.

ಅದರ ಮೇಲೆ ಇನ್ನೊಬ್ಬನ ಕಣ್ಣೂ ಇತ್ತು. ನಗರದಿಂದ ಬರುವ ಒಬ್ಬ ಸಾಸೇಜು ಗಾಡಿಯವನು ಆಗಲೇ ಅರ್ಜಿ ಹಾಕಿದ್ದ. ಊರಿನವರು ಯಾರಾದರೂ ಗಡುವಿನೊಳಗೆ ಕೇಳಿದರೆ ಜಾಗ ಊರಿನವರಿಗೆ, ಇಲ್ಲದಿದ್ದರೆ ಅವನಿಗೆ ಎಂಬುದು ನಿಯಮ. ಗಡುವು ಶುಕ್ರವಾರ ಮಧ್ಯಾಹ್ನ ಹನ್ನೆರಡು.

ಶುಕ್ರವಾರ ಬೆಳಗಿನ ಅಂಚೆ ಬಂದ ಮೇಲೆ ವಾಲ್‌ಬುರ್ಗಾ ಏಪ್ರನ್ನಿನಲ್ಲೇ ಅಂಗಳ ದಾಟಿ ಬಂದಳು.

"ಇಷ್ಟು ದಿನ ಏನೇ ಮಾಡ್ತಿದ್ದೆ?" ಎಂದೆ.

"ಬೆಂಕಿ ಆರಿಸೋ ಸಿಲಿಂಡರ್‌ನ ಪರೀಕ್ಷೆ ಮಾಡಿಸಿದ ಪತ್ರ ಈಗ ತಾನೇ ಅಂಚೇಲಿ ಬಂತು ಕಣೇ. ಅದಿಲ್ದೆ ಹೇಗ್ ಕಳಿಸ್ಲಿ? ಅರ್ಧಂಬರ್ಧ ಕಾಗದ ಕಳಿಸೋ ಹೆಂಗಸಲ್ಲ ನಾನು."

ಅರ್ಜಿ ಒಂದು, ಸಿಲಿಂಡರಿನ ಪತ್ರ ಒಂದು, ಅಡುಗೆಯ ಶುಚಿತ್ವದ ಪತ್ರ ಒಂದು. ಮೂರು ಹಾಳೆ. ಕಳಿಸಬೇಕಾದದ್ದು ಗುಡ್ಡದಾಚೆಯ ಗ್ರೋಸ್‌ಲಾಖ್ ಪುರಸಭೆಗೆ. ಅಕ್ಕಪಕ್ಕದ ಊರುಗಳನ್ನೆಲ್ಲ ಒಟ್ಟು ಸೇರಿಸಿದ ಮೇಲೆ ನಮ್ಮೂರ ಕಚೇರಿಯೂ ಅಲ್ಲಿಗೆ ಹೋಯಿತು. ಆ ವಾರ ಗುಡ್ಡದ ರಸ್ತೆ ಮುಚ್ಚಿ ಡಾಂಬರು ಹಾಕುತ್ತಿದ್ದರು. ಕೆಲಸದ ಎರಡು ವ್ಯಾನುಗಳೂ ಹೊರಗಿದ್ದವು, ನನ್ನ ಕಾರು ಚಳಿಗಾಲದ ಟೈರು ಹಾಕಿಸಿಕೊಳ್ಳಲು ಗ್ಯಾರೇಜಿನಲ್ಲಿತ್ತು. ಇಮೇಲಿನಲ್ಲಿ ಹೋದ ಸಹಿಯನ್ನು ಪುರಸಭೆ ಸಹಿಯೆಂದು ಒಪ್ಪುವುದಿಲ್ಲ, ಫ್ಯಾಕ್ಸಿನಲ್ಲಿ ಹೋದದ್ದನ್ನು ಒಪ್ಪುತ್ತದೆ. ಯಾಕೆಂದು ನಾವಾರೂ ಕೇಳಿದವರಲ್ಲ.

"ನಿಮ್ಮ ಹೊಸ ರಾಜಕುಮಾರ ಕೆಲಸ ಮಾಡ್ತಾನೋ, ಬರೀ ಮಿಣಮಿಣ ಅಂತಾನೋ?" ಎಂದು ವಾಲ್‌ಬುರ್ಗಾ ಯಂತ್ರದ ಬೆಳಗುವ ಪರದೆಯನ್ನು ನೋಡಿದಳು.

"ಇನ್ನೂ ಯಾರಿಗೂ ಫ್ಯಾಕ್ಸ್ ಕಳಿಸಿಲ್ಲ. ನಿಂದೇ ಬೋಣಿ."

ಹಾಳೆ ಇಟ್ಟೆ, ನಂಬರು ಒತ್ತಿದೆ. "ಲೈನ್ ಇಲ್ಲ" ಎಂದು ಪರದೆ ಹೇಳಿತು. ಒಟ್ಮಾರ್ ಮೇಜಿನ ಕೆಳಗೆ ನುಸುಳಿದ.

"ಎರಡು ತೂತು ಪಕ್ಕಪಕ್ಕ ಇಟ್ಟವ್ರೆ! ವೈರು ಯಾವ್ದಕ್ಕೆ ಅಂತ ಹಾಕ್ಬೇಕು ಮನುಷ್ಯ?"

"ಮೇಲೆ ಬರೆದಿರುತ್ತೆ ನೋಡೋ."

"ಬರೆದವ್ರೆ. ಇರುವೆ ಓದೋಕೆ."

ಮನೆಯ ಇನ್ನೊಂದು ಫೋನಿಗೆ ಹೋಗುವ ತೂತಿಗೆ ಗೋಡೆಯಿಂದ ಬರುವ ವೈರು ಸಿಕ್ಕಿಸಿದ್ದ. ಅದನ್ನು ಬದಲಿಸಿದ ಮೇಲೆ ಪರದೆ ಹಸಿರಾಯಿತು. ಮತ್ತೆ ನಂಬರು ಒತ್ತಿದೆ. ಯಂತ್ರ ಡಯಲು ಮಾಡಿತು, ಆಚೆ ಗಂಟೆ ಬಾರಿಸುವುದೂ ಕೇಳಿಸಿತು. ಅದರ ಜೊತೆಗೇ ಹಿಂದಿನ ಉಗ್ರಾಣದಲ್ಲಿ ನಮ್ಮ ಫೋನು ಹೊಡೆದುಕೊಂಡಿತು. ಒಟ್ಮಾರ್ ಓಡಿದ. ಮರುಕ್ಷಣ ಅಲ್ಲಿಂದ ಕೂಗಿದ:

"ರೋಸ್ವಿತಾ! ಯಾರೋ ಕಿವಿ ಹರಿಯೋ ಹಾಗೆ ಕೀ ಅಂತ ಕಿರುಚ್ತಿದ್ದಾರೆ ಕಣೇ! ಯಾರದೋ ಬಾಯ್ಲರು ಒಡೀತೋ ಏನೋ!"

"ಇಡೋ ಫೋನು. ಕಿರುಚ್ತಿರೋದು ನಾವೇ!"

ಹೊರಗಿನ ಲೈನಿಗೆ ಮೊದಲು ಸೊನ್ನೆ ಒತ್ತಬೇಕು. ಹಳೆಯ ಯಂತ್ರ ಅದನ್ನು ತಾನೇ ಸೇರಿಸಿಕೊಳ್ಳುತ್ತಿತ್ತು, ಇದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೊನ್ನೆಯಿಲ್ಲದೆ ಅದು ಉಗ್ರಾಣಕ್ಕೇ ಫ್ಯಾಕ್ಸ್ ಕಳಿಸಲು ಹೊರಟಿತ್ತು. ವಾಲ್‌ಬುರ್ಗಾ ನಕ್ಕು ನಕ್ಕು ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು. ಆಗ ಇನ್ನೂ ನಗುವುದಕ್ಕೆ ಸಮಯವಿತ್ತು.

ಮೂರನೆಯ ಸಲ ಹಾಳೆಗಳು ಒಳಗೆ ಹೋಗುತ್ತಲೇ ಸಿಕ್ಕಿಕೊಂಡವು. ಮುಚ್ಚಳ ತೆಗೆದು ಮೆಲ್ಲಗೆ ಎಳೆದರೆ, ಮೂಲೆಯಲ್ಲಿ ಒಂದು ಸ್ಟೇಪ್ಲರ್ ಪಿನ್ನು.

"ಹಾಳೆ ಚೆಲ್ಲಾಪಿಲ್ಲಿ ಆಗ್ಬಾರ್ದು ಅಂತ ಹೊಡೆದಿದ್ದೆ," ಎಂದಳು ವಾಲ್‌ಬುರ್ಗಾ, ತಪ್ಪು ಮಾಡಿದ ಮಗುವಿನ ಹಾಗೆ.

"ತಂತೀಲಿ ಹೋಗೋವಾಗ ಚೆಲ್ಲಾಪಿಲ್ಲಿ ಆಗಲ್ಲ ಮಾರಾಯ್ತಿ."

ಪಿನ್ನು ಕಿತ್ತು, ಮೂಲೆ ನೇರ ಮಾಡಿ ಮತ್ತೆ ಇಟ್ಟೆ. ಈ ಸಲ ಯಂತ್ರ ಒಂದೊಂದೇ ಹಾಳೆ ನುಂಗಿತು, ಸಿಳ್ಳೆ ಹಾಕಿತು, ಗುರುಗುಟ್ಟಿತು. ಕೊನೆಗೆ "ಕಳಿಸಿದ್ದು: ಮೂರು ಪುಟ. ಫಲಿತಾಂಶ: ಓಕೆ" ಎಂಬ ಚೀಟಿ ಹೊರಗೆ ಬಂತು. ನಮ್ಮಲ್ಲಿ ಓಕೆ ಎಂದು ಬಂದ ಚೀಟಿಯನ್ನು ಮದುವೆಯ ಸರ್ಟಿಫಿಕೇಟಿಗಿಂತ ಭದ್ರವಾಗಿ ಇಡುತ್ತಾರೆ. ಒಟ್ಮಾರ್ ಅದಕ್ಕೆ ತೂತು ಹೊಡೆದು ಫೈಲಿಗೆ ಸೇರಿಸಿದ. ನಾನು ಕಾಫಿ ಇಟ್ಟೆ. ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ರೊಟ್ಟಿ ಇತ್ತು, ಮೂವರೂ ಹಂಚಿಕೊಂಡೆವು.

ಆದರೆ ಯಾರದೇ ಮನೆಯ ಬಾಯ್ಲರು ಸರಿಹೋಯಿತೆಂದು ಕೆಲಸದ ಹುಡುಗರು ಹೇಳಿದ ಮೇಲೂ ಮನೆಯವರಿಗೆ ಒಂದು ಫೋನು ಮಾಡಿ, ನಿಜಕ್ಕೂ ಬೆಚ್ಚಗಾಯಿತೇ ಎಂದು ಕೇಳುವುದು ನನ್ನ ಅಭ್ಯಾಸ. ಪುರಸಭೆಗೂ ಮಾಡಿದೆ. ಅಲ್ಲಿ ಸಂತೆಯ ಜಾಗ ನೋಡಿಕೊಳ್ಳುವವರು ಕ್ನೋಡ್ಲರ್ ಸಾಹೇಬರು, ಎಲ್ಲರ ಬಾಯಲ್ಲಿ ಹೆರ್ ಕ್ನೋಡ್ಲರ್. ಒಳ್ಳೆಯ ಮನುಷ್ಯ, ಆದರೆ ಮಾತನ್ನು ತಕ್ಕಡಿಯಲ್ಲಿ ತೂಗಿ ಕೊಡುವವರು.

"ಹೆರ್ ಕ್ನೋಡ್ಲರ್, ಸಂತೆಯ ಮೂಲೆ ಗೂಡಿಗೆ ನಮ್ಮ ವಾಲ್‌ಬುರ್ಗಾ ಅರ್ಜಿ ಕಳಿಸಿದ್ದಾಳೆ, ನಮ್ಮ ಯಂತ್ರದಿಂದ. ಬಂತಾ?"

"ಬಂದಿದೆ."

"ಎಲ್ಲಾ ಸರಿ ಇದ್ಯಲ್ಲ?"

"ಸರಿ ಇದೆಯೋ ಇಲ್ವೋ ಹೇಳೋಕೆ ಅದರ ಮೇಲೆ ಏನಾದ್ರೂ ಇರ್ಬೇಕಲ್ವಾ?"

"ಅಂದ್ರೆ?"

"ಅಂದ್ರೆ ಬಿಳಿ. ಮೇಲ್ಗಡೆ ಒಂದು ಸಾಲು, ನಿಮ್ಮ ಅಂಗಡಿ ಹೆಸರು, ನಂಬರು, ತಾರೀಕು, ಗಂಟೆ. ಅದರ ಕೆಳಗೆ ಅಪ್ಪಟ ಬಿಳಿ."

"ಅಯ್ಯೋ! ಏನ್ ಮಾಡಿದ್ರಿ ಆ ಹಾಳೆಗಳನ್ನ?"

"ಬಂದ ಕಾಗದಕ್ಕೆ ಏನ್ ಮಾಡ್ಬೇಕೋ ಅದನ್ನೇ ಮಾಡ್ದೆ," ಎಂದರು ಹೆರ್ ಕ್ನೋಡ್ಲರ್, ಸ್ವಲ್ಪ ನೊಂದುಕೊಂಡವರ ಹಾಗೆ.

ಒಟ್ಮಾರ್ ಫೋನು ಕಿತ್ತುಕೊಂಡ. "ನಿಮ್ಮ ಯಂತ್ರದಲ್ಲಿ ಟೋನರು ಮುಗಿದಿರ್ಬೇಕು ನೋಡ್ರಿ!"

"ಸೋಮವಾರ ಹೊಸದು ಹಾಕಿದ್ದೀನಿ. ನಾನೇ ಹಾಕಿದ್ದು. ನಿಮ್ಮ ಹೆಸರು ಎಷ್ಟು ಕಪ್ಪಗೆ ಬಂದಿದೆ ಅಂದ್ರೆ ದೂರದಿಂದ್ಲೇ ಓದ್ಬಹುದು."

ಫೋನಿಟ್ಟ ಒಟ್ಮಾರ್ ಕಿಟಕಿ ಒರೆಸುವ ಸ್ಪ್ರೇ ತಂದು ಯಂತ್ರದ ಗಾಜನ್ನು ಕನ್ನಡಿಯಂತೆ ಉಜ್ಜಿದ. ಗಾಜಿನ ಮೇಲೆ ಅರ್ಜಿಯನ್ನು ಬೋರಲು ಹಾಕಿ ಕಾಪಿ ತೆಗೆದ. ಅಚ್ಚುಕಟ್ಟಾಗಿ ಬಂತು, ವಾಲ್‌ಬುರ್ಗಾಳ ಸಹಿಯ ಬಾಲ ಸಮೇತ.

"ನೋಡಿದ್ರಾ? ನಮ್ಮ ಯಂತ್ರ ಚಿನ್ನ. ತೊಂದ್ರೆ ಇರೋದು ಅವ್ರ ಕಡೆ!"

ಮತ್ತೆ ಕಳಿಸಿದೆವು. ಓಕೆ ಎಂದು ಚೀಟಿ ಬಂತು. ಫೋನು ಮಾಡಿದೆ. ಬಿಳಿ.

"ಕಳಿಸಿದ ಪುಟದ ಚಿಕ್ಕ ಚಿತ್ರ ಚೀಟೀಲಿ ಬರುತ್ತೆ ಅಂತ ಯಂತ್ರದ ಪುಸ್ತಕದಲ್ಲಿದೆ," ಎಂದೆ. "ಎಲ್ಲಿ, ನಮ್ಮದ್ರಲ್ಲಿ ಯಾಕ್ ಬರಲ್ಲ?"

ಒಟ್ಮಾರ್ ಕೆಮ್ಮಿದ. "ಅದನ್ನ ನಾನೇ ನಿಲ್ಲಿಸ್ದೆ. ಸುಮ್ನೆ ಟೋನರು ದಂಡ."

ವಾಲ್‌ಬುರ್ಗಾಳ ನಗು ಅಷ್ಟರಲ್ಲಿ ಇಂಗಿತ್ತು. "ನನ್ನ ಅಕ್ಷರ ತೆಳ್ಳಗಾಯ್ತೇನೋ," ಎಂದು ಪೈಪಿನ ಮೇಲೆ ಗುರುತು ಹಾಕುವ ದಪ್ಪ ಕರಿ ಪೆನ್ನು ತೆಗೆದುಕೊಂಡು ಕೂತಳು. ತುಟಿ ಕಚ್ಚಿಕೊಂಡು ತನ್ನ ಹೆಸರು, ಬೀದಿ, 'ಶುಪ್ಫ್‌ನೂಡೆಲ್ ಮತ್ತು ಹುಳಿ ಎಲೆಕೋಸು' ಎಲ್ಲವನ್ನೂ ಮೇಲೆ ಮೇಲೆ ತಿದ್ದಿದಳು. ಮುಗಿಸುವ ಹೊತ್ತಿಗೆ ಅದು ಅರ್ಜಿಯಂತೆ ಕಾಣುತ್ತಿರಲಿಲ್ಲ, ರಸ್ತೆಯ ಬೋರ್ಡಿನಂತೆ ಕಾಣುತ್ತಿತ್ತು. ಅದೂ ಹೋಯಿತು. ಓಕೆ ಎಂದು ಬಂತು.

"ಬಿಳಿ," ಎಂದರು ಹೆರ್ ಕ್ನೋಡ್ಲರ್. "ಫ್ರಾವ್ ರೋಸ್ವಿತಾ, ಹನ್ನೆರಡಕ್ಕೆ ನಾನು ಬಾಗಿಲು ಹಾಕ್ತೀನಿ."

ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ವಾಲ್‌ಬುರ್ಗಾ ಕಿಟಕಿಯಿಂದ ಚರ್ಚಿನ ಗಡಿಯಾರ ನೋಡುತ್ತ ನಿಂತಳು. "ಹೋಗ್ಲಿ ಬಿಡ್ರೋ. ಆ ಸಾಸೇಜಿನವನ ಗಾಡಿ ಹಿಂದೆ ನಿಂತು ಹೊಸೆದು ಕೊಡ್ತೀನಿ. ನಂಗೇನು ಹೊಸ್ದಾ?" ಎಂದಳು. ಆ ಮಾತು ನನಗೆ ಹಿಡಿಸಲಿಲ್ಲ.

"ಪುರಸಭೆ ವಿಷ್ಯ ಬಿಟ್ಹಾಕು," ಎಂದೆ ಒಟ್ಮಾರನಿಗೆ. "ಫೋನೂ ಬೇಡ, ಫ್ಯಾಕ್ಸೂ ಬೇಡ. ಗಾಜಿನ ಮೇಲಲ್ಲ, ಫ್ಯಾಕ್ಸಿಗೆ ಇಟ್ಟ ಹಾಗೇ ಮೇಲಿನ ತಟ್ಟೇಲಿ ಇಟ್ಟು ಬರೀ ಒಂದು ಕಾಪಿ ತೆಗಿ."

ತೆಗೆದ. ಹೊರಗೆ ಬಂದ ಹಾಳೆ ಹಾಲಿನಷ್ಟು ಬಿಳಿ.

ಮೂವರೂ ಅದನ್ನೇ ನೋಡುತ್ತ ನಿಂತೆವು. ಅಂದರೆ ರೋಗ ನಮ್ಮ ಮನೆಯಲ್ಲೇ ಇತ್ತು. ಹೆರ್ ಕ್ನೋಡ್ಲರ್ ಬೆಳಗಿನಿಂದ ಹೇಳುತ್ತಿದ್ದುದು ನಿಜ. ಒಟ್ಮಾರ್ ಬಗ್ಗಿ ತಟ್ಟೆಯ ಕೆಳಗೆ ಟಾರ್ಚು ಬಿಟ್ಟ. ವಾಲ್‌ಬುರ್ಗಾ ಏನೂ ಮಾಡಲು ತೋಚದೆ ಯಂತ್ರದ ಮೇಲೆ ಕೈಯಿಟ್ಟಳು. ಪಟ್ಟಿಯ ಒಂದು ಮೂಲೆ ಎದ್ದಿತ್ತು. ಎದ್ದ ಮೂಲೆ ಕಂಡರೆ ಅವಳ ಬೆರಳು ಸುಮ್ಮನಿರುವುದಿಲ್ಲ. ಒತ್ತಿದಳು. ಮತ್ತೆ ಎದ್ದಿತು. ಕೆಳಗೆ ಏನಾದರೂ ಕಸ ಸಿಕ್ಕಿದೆಯೇ ಎಂದು ಉಗುರಿನಿಂದ ಎತ್ತಿ ನೋಡಿದಳು.

"ಒಟ್ಮಾರ್, ನಿಮ್ಮಮ್ಮನ ಪಟ್ಟಿ ಕೆಳಗೆ ಏನೋ ಚಿತ್ರ ಇದೆ ಕಣೋ."

ಪಟ್ಟಿಯನ್ನು ಪೂರ್ತಿ ಎತ್ತಿದೆವು. ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತಿದ ಪುಟ್ಟ ಕಾಗದದ ಚಿತ್ರ. ಅದರ ಮೇಲೆ ಅಕ್ಷರದ ಗೆರೆಗಳು. ಗೆರೆಗಳು ಆಕಾಶ ನೋಡುತ್ತಿದ್ದವು.

ಹಳೆಯ ಯಂತ್ರ ಕಾಗದವನ್ನು ಕೆಳಗಿನಿಂದ ಓದುತ್ತಿತ್ತು. ಹೊಸದು ಅದನ್ನು ಒಳಗೆಳೆದು ಮಗುಚಿಕೊಂಡು ಓದುತ್ತದೆ, ಹಾಗಾಗಿ ನಾವು ಅಕ್ಷರ ಮೇಲಿಡಬೇಕು. ನಾವೋ, ಅಮ್ಮನ ಮಾತು ಮೀರದೆ, ಪ್ರತಿ ಸಲವೂ ಅಕ್ಷರವನ್ನು ಕೆಳಗಿಟ್ಟು ಹಾಳೆಯ ಬರಿಯ ಬೆನ್ನನ್ನು ಗ್ರೋಸ್‌ಲಾಖಿಗೆ ಕಳಿಸಿದ್ದೆವು.

"ಅಮ್ಮನ ಮಾತು ಕೇಳಿ ಕೆಟ್ಟೆ," ಎಂದ ಒಟ್ಮಾರ್.

"ಅಮ್ಮ ಸರಿಯಾಗೇ ಹೇಳಿದ್ರು. ನೀನು ತಪ್ಪು ಜಾಗಕ್ಕೆ ಅಂಟಿಸ್ದೆ. ಬೇಗ ಹಾಳೆ ತಿರುಗ್ಸು!"

ತಿರುಗಿಸಿದ. ಸೊನ್ನೆ ಒತ್ತಿದೆ, ನಂಬರು ಒತ್ತಿದೆ. ಯಂತ್ರ ಮೊದಲ ಹಾಳೆ ಎಳೆದುಕೊಳ್ಳುವಾಗ ಚರ್ಚಿನ ಗಂಟೆ ಹನ್ನೆರಡು ಹೊಡೆಯಲು ಶುರುಮಾಡಿತು. ಕೊನೆಯ ಹಾಳೆ ಹೋಗುವ ಹೊತ್ತಿಗೆ ಗಂಟೆಯ ಗುಂಯ್‌ಗುಡುವಿಕೆಯೂ ಅಡಗಿತ್ತು. ಪುರಸಭೆಗೆ ಫೋನು ಮಾಡಿದರೆ ಧ್ವನಿಮುದ್ರಿತ ಸಂದೇಶ: ಕಚೇರಿಯ ಸಮಯ ಮುಗಿದಿದೆ, ನಿಮ್ಮ ವಾರಾಂತ್ಯ ಸುಖವಾಗಿರಲಿ.

ವಾಲ್‌ಬುರ್ಗಾ ಕುರ್ಚಿಯಲ್ಲಿ ಕೂತು ಏಪ್ರನ್ನಿನ ಅಂಚು ಮಡಿಸಿದಳು, ಬಿಚ್ಚಿದಳು. ಒಟ್ಮಾರ್ ಅವಳ ಮುಂದೆ ನಿಂತ. ಅಷ್ಟು ದೊಡ್ಡ ದೇಹವನ್ನು ಎಲ್ಲಿಡುವುದೆಂದು ತಿಳಿಯದೆ ಒದ್ದಾಡುತ್ತಿದ್ದ.

"ಆ ಗಾಡೀಲಿ ನಾನು ಒಂದೇ ಒಂದು ಸಾಸೇಜು ತಿನ್ನಲ್ಲ ಕಣೇ, ವಾಲ್‌ಬುರ್ಗಾ. ಆಣೆ."

"ನೀನು ತಿನ್ನದಿದ್ರೆ ಅವ್ನು ದಿವಾಳಿ ಅನ್ನೋದಂತೂ ನಿಜ," ಎಂದಳು ಅವಳು. ಅಷ್ಟರಲ್ಲೂ ಅವಳ ನಾಲಗೆ ಹರಿತವಾಗಿಯೇ ಇತ್ತು.

ಆಗ ಯಂತ್ರ ಗಂಟೆ ಬಾರಿಸಿತು. ಯಾರದೋ ಫ್ಯಾಕ್ಸ್ ನಮಗೇ ಬರುತ್ತಿತ್ತು. "ಕಾಗದ ಇಲ್ಲ" ಎಂದು ಪರದೆ ಕೆಂಪಾಯಿತು. ಹೆಚ್ಚು ಹಾಕಿದರೆ ತೇವ ಹಿಡಿಯುತ್ತದೆಂದು ಒಟ್ಮಾರ್ ಬೆಳಿಗ್ಗೆ ಚಿಟಿಕೆಯಷ್ಟು ಕಾಗದ ಹಾಕಿದ್ದ. ನಾನು ಇಡೀ ಕಟ್ಟನ್ನೇ ಬಿಚ್ಚಿ ತುಂಬಿದೆ. ಯಂತ್ರ ಹಾಳೆ ಉಗುಳಿತು.

ಬಿಳಿ ಹಾಳೆ. ಮೇಲೆ ನಮ್ಮದೇ ಅಂಗಡಿಯ ಹೆಸರು. ನಡುವೆ ದುಂಡನೆಯ ಮುದ್ರೆ: "ಸ್ವೀಕರಿಸಲಾಗಿದೆ." ಅದರೊಳಗೆ ಅವತ್ತಿನ ತಾರೀಕು, ಬೆಳಗಿನ ಗಂಟೆ, ಒಂದು ಪುಟ್ಟ ಸಹಿ. ಇನ್ನೊಂದು ಬಿಳಿ ಹಾಳೆ, ಇನ್ನೊಂದು ಮುದ್ರೆ. ಮತ್ತೊಂದು.

"ಈ ಮನುಷ್ಯಂಗೆ ತಲೆ ನೆಟ್ಟಗಿದ್ಯಾ?" ಎಂದ ಒಟ್ಮಾರ್. "ಖಾಲಿ ಹಾಳೆಗೆ ಒಂದೊಂದಕ್ಕೂ ಮುದ್ರೆ ಒತ್ತವ್ರೆ!"

ಕೊನೆಯ ಹಾಳೆಯಲ್ಲಿ ಹೆರ್ ಕ್ನೋಡ್ಲರರ ನೇರವಾದ ಕೈಬರಹವಿತ್ತು. ನಾನು ಗಟ್ಟಿಯಾಗಿ ಓದಿದೆ: "ಮೂಲೆಯ ಗೂಡಿಗಾಗಿ ಶ್ರೀಮತಿ ವಾಲ್‌ಬುರ್ಗಾ ಅವರ ಅರ್ಜಿ ಗಡುವಿನೊಳಗೆ ತಲುಪಿದೆ. ಓದಲು ಬರುವುದಿಲ್ಲ. ಓದಲು ಬರುವ ಪ್ರತಿಯನ್ನು ಸೋಮವಾರ ತಂದುಕೊಡತಕ್ಕದ್ದು. ಇನ್ನು ಬಿಳಿ ಹಾಳೆ ಕಳಿಸಬೇಡಿ, ನಮ್ಮಲ್ಲಿ ಬೇಕಾದಷ್ಟಿವೆ."

ಬಾಗಿಲು ಹಾಕುವ ಮುನ್ನ ಅವರು ಮಾಡಿದ ಕೊನೆಯ ಕೆಲಸ ಅದು. ನಾವು ನಮ್ಮದನ್ನು ಕಳಿಸುತ್ತ ಲೈನು ಹಿಡಿದುಕೊಂಡಿದ್ದರಿಂದ ಅವರ ಯಂತ್ರ ಆಚೆ ಕಡೆ ಕಾಯುತ್ತ ನಿಂತಿತ್ತು.

"ಇನ್ನೊಂದ್ಸಲ ಓದೇ," ಎಂದಳು ವಾಲ್‌ಬುರ್ಗಾ. ಓದಿದೆ. "ಗಡುವಿನೊಳಗೆ ಅನ್ನೋದನ್ನ ಮಾತ್ರ ಇನ್ನೊಂದ್ಸಲ." ಅದನ್ನೂ ಓದಿದೆ. ಅವಳು ಎದ್ದು ಒಟ್ಮಾರನ ಎರಡೂ ಕೆನ್ನೆ ಹಿಂಡಿ, ಉಳಿದಿದ್ದ ಬ್ರೆಟ್ಸೆಲ್ ಪೂರ್ತಿ ಅವಳೇ ತಿಂದಳು.

ಸೋಮವಾರ ಹೊಸ ಟೈರಿನ ಕಾರಿನಲ್ಲಿ ಅವಳನ್ನು ಸುತ್ತುದಾರಿಯಿಂದ ಗ್ರೋಸ್‌ಲಾಖಿಗೆ ಕರೆದುಕೊಂಡು ಹೋದೆ. ದಪ್ಪ ಕರಿ ಪೆನ್ನಿನ ಆ ಅರ್ಜಿಯನ್ನು ಹೆರ್ ಕ್ನೋಡ್ಲರ್ ಕೈಯುದ್ದ ದೂರ ಹಿಡಿದು ನೋಡಿದರು.

"ಈಗ ಓದೋಕೆ ಬರುತ್ತೆ," ಎಂದರು. "ಬೀದಿ ಆಚೆಯಿಂದ್ಲೂ."

"ಖಾಲಿ ಹಾಳೆಗೆ ಮುದ್ರೆ ಯಾಕ್ ಒತ್ತಿದ್ರಿ?" ಎಂದು ನಾನು ಕೇಳಿಯೇಬಿಟ್ಟೆ.

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಬಂದಿತ್ತಲ್ಲ?" ಎಂದರು.

ಅಮ್ಮನ ಪಟ್ಟಿಯನ್ನು ಒಟ್ಮಾರ್ ಎಸೆಯಲಿಲ್ಲ. ಮತ್ತೆ ಬಿಸಿಗಾಳಿ ಹಿಡಿದು, ಗಾಜಿನ ಮುಚ್ಚಳದ ಮೇಲೆ ಅಂಟಿಸಿದ. ಗಾಜಿನ ಮೇಲೆ ಅಕ್ಷರ ಕೆಳಗೇ ಇರಬೇಕಾದ್ದರಿಂದ ಅದು ಅಲ್ಲಿ ಸರಿಯಾಗಿಯೇ ಇದೆ. ಚೀಟಿಯಲ್ಲಿ ಪುಟದ ಚಿಕ್ಕ ಚಿತ್ರ ಬರುವುದನ್ನು ನಾನು ಅವನಿಗೆ ಹೇಳದೆ ಮತ್ತೆ ಶುರುಮಾಡಿದೆ. ಟೋನರು ದಂಡವಾಗುತ್ತಿದೆ, ಅವನು ಇನ್ನೂ ಗಮನಿಸಿಲ್ಲ.

ಸಂತೆಯ ಮೊದಲ ಸಂಜೆ ಮೂಲೆಯ ಗೂಡಿನ ಮುಂದೆ ಜನ ಚರ್ಚಿನ ಮೆಟ್ಟಿಲವರೆಗೆ ನಿಂತಿದ್ದರು. ಬೆಣ್ಣೆಯ ಹೊಗೆ, ಹುಳಿ ಎಲೆಕೋಸಿನ ಘಮ. ಸಾಸೇಜಿನವನಿಗೆ ಕಾರಂಜಿಯ ಬಳಿ ಜಾಗ ಸಿಕ್ಕಿತ್ತು. ಅವನೂ ಗಾಡಿ ಬಿಟ್ಟು ಬಂದು ಸಾಲಿನಲ್ಲಿ ನಿಂತಿದ್ದ. ಒಟ್ಮಾರ್ ಬೆಂಕಿ ಆರಿಸುವ ಸಿಲಿಂಡರಿನ ಪಕ್ಕದಲ್ಲಿ ಕಾವಲುಗಾರನಂತೆ ನಿಂತು ಮೂರನೆಯ ತಟ್ಟೆ ಮುಗಿಸುತ್ತಿದ್ದ.

ಸಾಲಿನಲ್ಲಿ ತಮ್ಮ ಸರದಿ ಕಾದು ಹೆರ್ ಕ್ನೋಡ್ಲರ್ ಮುಂದೆ ಬಂದರು. ಟೋಪಿ ತೆಗೆದು, ಒಂದು ತಟ್ಟೆ ಕೊಡಿ ಎಂದರು. ವಾಲ್‌ಬುರ್ಗಾ ಹೊಚ್ಚ ಹೊಸ ಬಿಳಿ ಕಾಗದದ ತಟ್ಟೆ ತೆಗೆದು, ಏನೂ ಹಾಕದೆ, ಎರಡೂ ಕೈಯಲ್ಲಿ ಅವರ ಮುಂದಿಟ್ಟಳು.

ಹಿಂದಿದ್ದವರು ಕತ್ತು ಚಾಚಿದರು. ಹೆರ್ ಕ್ನೋಡ್ಲರ್ ಕನ್ನಡಕ ಹಾಕಿಕೊಂಡು ತಟ್ಟೆಯನ್ನು ದೀಪದ ಕಡೆ ಎತ್ತಿ ನೋಡಿದರು. ತಿರುಗಿಸಿ ಬೆನ್ನನ್ನೂ ನೋಡಿದರು.

"ಸಮಯಕ್ಕೆ ಸರಿಯಾಗಿ ಬಂದಿದೆ," ಎಂದರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಆದ್ರೆ ಏನೂ ಕಾಣಿಸ್ತಿಲ್ಲ."

"ಹಾಗಾದ್ರೆ ಸೋಮವಾರ ಬನ್ನಿ," ಎಂದಳು ವಾಲ್‌ಬುರ್ಗಾ. ಆಮೇಲೆ ನಗು ತಡೆಯಲಾರದೆ, ಬಾಣಲೆಯಿಂದ ಬಂಗಾರದ ಬಣ್ಣದ ಶುಪ್ಫ್‌ನೂಡೆಲನ್ನು ತಟ್ಟೆಯ ಅಂಚು ಕಾಣದಷ್ಟು ತುಂಬಿ ಕೊಟ್ಟಳು.